ದೇವಿಮನೆ ಘಟ್ಟದಲ್ಲಿ ಎರಡು ಕೋಟಿಯ ಕಾರು

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಹತ್ತು-ಹನ್ನೆರಡು ಲಕ್ಷದ ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗೂ ಎರಡು ಕೋಟಿಯ ಸ್ಪೋರ್ಟ್ಸ್ ಕಾರಿಗೂ ಎಷ್ಟು ಅಂತರ ಬಿದ್ದೀತು? ತೀರಾ ಕಡಿಮೆ.

ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಘರ್ಷಣಾಂಕ (ಟೈರಿನ ಹಿಡಿತದ ಅಳತೆ), ಗುರುತ್ವ, ತಿರುವಿನ ತ್ರಿಜ್ಯ ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸಿಗುವುದೇ ಗರಿಷ್ಠ ವೇಗ. 15 ಮೀಟರ್ ತ್ರಿಜ್ಯದ ತಿರುವು, ಒಣ ಡಾಂಬರು, ಸಾಮಾನ್ಯ ಟೈರಿಗೆ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ ಗಂಟೆಗೆ 39 ಕಿ.ಮೀ. ಬರುತ್ತದೆ. ಮೆತ್ತನೆ ರಬ್ಬರಿನ ದುಬಾರಿ ಟೈರಿಗೆ 1.0 ಕೊಟ್ಟರೂ 44. ಆಷಾಢದ ಮಳೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದರೆ ಎರಡೂ ಕಾರು 28ಕ್ಕೇ ಜಾರುತ್ತವೆ. ಇವೆಲ್ಲ ಕಾರು ಕೈಬಿಡುವ ಅಂಚಿನ ವೇಗಗಳು. ಓಡಿಸುವಾಗ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು. ಕುದುರೆಶಕ್ತಿ ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ.

ಏರುವಾಗ? ಜನರೂ ಸೇರಿ 1,100 ಕಿಲೋ ತೂಗುವ ಕಾರು ನೂರಕ್ಕೆ ಆರರ ಏರನ್ನು 50ರ ವೇಗದಲ್ಲಿ ಹತ್ತಲು ಸುಮಾರು 16 ಕುದುರೆಶಕ್ತಿ ಸಾಕು. ನಮಗೆ 'ಪಿಕಪ್' ಅನ್ನಿಸುವುದು ಕಡಿಮೆ ಆರ್‌ಪಿಎಮ್‌ನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಸಿಗುವ ಟಾರ್ಕ್, ಅಂದರೆ ಎಂಜಿನ್ನಿನ ತಿರುಚು ಬಲ. ಹ್ಯುಂಡೈ ಐ20 ಎನ್ ಲೈನ್‌ನ ಒಂದು ಲೀಟರ್ ಟರ್ಬೊ ಎಂಜಿನ್ 172 ನ್ಯೂಟನ್ ಮೀಟರ್ ಟಾರ್ಕನ್ನು 1,500 ಆರ್‌ಪಿಎಮ್‌ಗೇ ಕೊಡುತ್ತದೆ. ಲಾರಿ ಹಿಂದೆ ಸಿಕ್ಕಿಕೊಂಡು, ದಾರಿ ತೆರೆದ ಕೂಡಲೇ ಮುಂದೆ ಹೋಗಬೇಕಾದಾಗ ಕೆಲಸಕ್ಕೆ ಬರುವುದು ಅದು.

ಇನ್ನು ಹಂಪು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮಾರುತಿ ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.45 ಮೀಟರ್ ಅಂತರ. ಹಿಂದಿನ ಸೀಟು ಹೆಸರಿಗಷ್ಟೇ ಇರುವ ಪೋರ್ಶೆ 911ರದ್ದೂ ಅಷ್ಟೇ. ಹಂಪು ಅದಕ್ಕಿಂತ ಅಗಲವಾದ್ದರಿಂದ ನಾಲ್ಕೂ ಗಾಲಿ ಅದರ ಮೇಲೇ ಇರುತ್ತವೆ, ಹೊಟ್ಟೆಯ ಕೆಳಗೆ ಉಬ್ಬುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ಊರೊಳಗಿನ ರಸ್ತೆಗಳಲ್ಲಿ ಕಾಣುವ ಅರ್ಧ ಮೀಟರ್ ಅಗಲದ, 13 ಸೆಂ.ಮೀ. ಎತ್ತರದ ದಿಬ್ಬದ್ದೇ ತೊಂದರೆ: ಅದು ಪೂರ್ತಿಯಾಗಿ ಗಾಲಿಗಳ ನಡುವೆ ನುಸುಳುತ್ತದೆ. ಹೊಟ್ಟೆ ನೆಲದಿಂದ 12 ಸೆಂ.ಮೀ. ಮೇಲಷ್ಟೇ ಇರುವ ಸ್ಪೋರ್ಟ್ಸ್ ಕಾರು ಉಜ್ಜದೆ ದಾಟುವುದಿಲ್ಲ. ಸ್ವಿಫ್ಟ್‌ಗೆ 16.3 ಇದೆ, ಆದರೆ ನಾಲ್ಕು ಜನ ಕೂತರೆ ಅದೂ ತಗ್ಗುತ್ತದೆ. ಬ್ರೇಕ್ ಒತ್ತಿಕೊಂಡೇ ಹತ್ತಿಸಿದರೆ ಮೂತಿ ಇನ್ನೂ ಕುಸಿದು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ತಾಗೀತು. ಮೊದಲೇ ವೇಗ ಇಳಿಸಿ, ಗಾಲಿ ಏರುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು.

ಬೆಲೆಯ ಗುಟ್ಟು ಭಾಗಾಕಾರದಲ್ಲಿದೆ. ವಿನ್ಯಾಸ, ಅಚ್ಚು, ಪರೀಕ್ಷೆಗೆ ಸಾವಿರ ಕೋಟಿ ಖರ್ಚಾಯಿತು ಎನ್ನೋಣ. ಹತ್ತು ಲಕ್ಷ ಕಾರಿಗೆ ಹಂಚಿದರೆ ಒಂದಕ್ಕೆ ಹತ್ತು ಸಾವಿರ, ಐದು ಸಾವಿರ ಕಾರಿಗೆ ಹಂಚಿದರೆ ಒಂದೊಂದಕ್ಕೂ ಇಪ್ಪತ್ತು ಲಕ್ಷ. ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಮೂಲ ಕಾರಿನ ಅಚ್ಚನ್ನೇ ಬಳಸಿ ಬಿಗಿಯಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನಷ್ಟೇ ಬದಲಿಸಿಕೊಳ್ಳುತ್ತದೆ. 1964ರ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಮಾಡಿದ್ದೂ ಇದನ್ನೇ. ಅಗ್ಗದ ಫಾಲ್ಕನ್ ಕಾರಿನ ಬಿಡಿಭಾಗಗಳು, ನಾಲ್ಕು ಸೀಟು. ಮೊದಲ ವರ್ಷವೇ ಮಾರಾಟ ನಾಲ್ಕು ಲಕ್ಷ ದಾಟಿತು. ಎರಡೇ ಸೀಟಿನ ಶೆವರ್ಲೆ ಕಾರ್ವೆಟ್ ಆಗ ವರ್ಷಕ್ಕೆ 22 ಸಾವಿರದ ಆಸುಪಾಸಿನಲ್ಲಿತ್ತು.

ಸೀಟು ಎಷ್ಟು ಮುಖ್ಯ ಎಂಬುದಕ್ಕೆ ಫೋರ್ಡ್‌ನದೇ ಥಂಡರ್‌ಬರ್ಡ್ ಇನ್ನೂ ಒಳ್ಳೆಯ ಸಾಕ್ಷಿ. ಎರಡು ಸೀಟಿದ್ದ 1957ರ ಮಾದರಿಯ ಮಾರಾಟ ಸುಮಾರು 21 ಸಾವಿರ. ಮರುವರ್ಷ ನಾಲ್ಕು ಸೀಟು ಹಾಕಿದ್ದೇ ತಡ ಸುಮಾರು 38 ಸಾವಿರ, 1960ರಲ್ಲಿ 90 ಸಾವಿರಕ್ಕೂ ಮೇಲೆ.

ಕೊಳ್ಳುವವರು ಕಾರವಾರದ ನೇರ ಹೆದ್ದಾರಿಯಲ್ಲಿ ಟೆಸ್ಟ್ ಡ್ರೈವ್ ಮುಗಿಸಬೇಡಿ. ನಾಲ್ವರನ್ನು ಕೂರಿಸಿ, ಡಿಕ್ಕಿಗೆ ಸಾಮಾನು ತುಂಬಿ, ಎಸಿ ಹಾಕಿಕೊಂಡು ಏರಿನಲ್ಲಿ ನಿಂತಲ್ಲಿಂದ ಹೊರಡಿ. ಎರಡನೇ ಗೇರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಟರ್ಬೊ ಮಾದರಿಗೆ ಹೆಚ್ಚುವರಿ ಹಣ ಕೊಡುವುದು ಸಾರ್ಥಕ.