‘ಕಮಿಷನ್ ಇಲ್ಲ’ ಅನ್ನುವ ಬೋರ್ಡ್ ಕಂಡರೆ

ಬ್ಯಾಂಕಿನಲ್ಲಿ ವಲಸೆ ಬಂದವರಿಗೆ ಖಾತೆ ತೆರೆದುಕೊಡುವ ಮೇಜಿನ ಹಿಂದೆ 18 ವರ್ಷದಿಂದ ಕೂತಿದ್ದೇನೆ. ಅದಕ್ಕೂ ಮುಂಚೆ 3 ವರ್ಷ ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಿ ಕೊಡುವ ಕೌಂಟರಿನಲ್ಲಿದ್ದೆ. ಗಾಜಿನ ಆಚೆ ನಿಂತವರಿಗೆ ಎರಡು ದಿನದ ನಿದ್ದೆ ಬಾಕಿ ಇರುತ್ತಿತ್ತು. ಸೂಟ್‌ಕೇಸಿನ ಮೇಲೆ ಮಗು ಮಲಗಿರುತ್ತಿತ್ತು. ನೋಟು ಚಾಚುತ್ತಾ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: “ಕಮಿಷನ್ ಎಷ್ಟು?”

“ಕಮಿಷನ್ ಇಲ್ಲ” ಅನ್ನುತ್ತಿದ್ದೆ. ಅದು ಸುಳ್ಳಲ್ಲ. ನನ್ನ ಬೆನ್ನ ಹಿಂದಿನ ದರದ ಬೋರ್ಡಿನಲ್ಲೂ ಹಾಗೇ ಬರೆದಿತ್ತು. ಅವರ ಮುಖ ಅರಳುತ್ತಿತ್ತು, ನಾನು ಎಣಿಸಿ ಕೊಡುತ್ತಿದ್ದೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಆ 3 ವರ್ಷದಲ್ಲಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಆ ಬೋರ್ಡನ್ನೇ ಒಮ್ಮೆ ಹತ್ತಿರದಿಂದ ನೋಡೋಣ. ಪ್ರತಿ ಕರೆನ್ಸಿಯ ಎದುರು ಎರಡು ಸಂಖ್ಯೆ ಇರುತ್ತವೆ: ನಾವು ಕೊಳ್ಳುವ ದರ, ನಾವು ಮಾರುವ ದರ. ‘ನಾವು’ ಅಂದರೆ ಅಂಗಡಿಯವರು, ನೀವಲ್ಲ. ಉದಾಹರಣೆಗೆ, ಇವತ್ತು ಮಾರುಕಟ್ಟೆಯಲ್ಲಿ 1 ಅಮೆರಿಕನ್ ಡಾಲರಿಗೆ 0.90 ಯೂರೋ ಇದೆ ಅಂದುಕೊಳ್ಳಿ. ಬೋರ್ಡಿನಲ್ಲಿ ಕೊಳ್ಳುವ ದರ 0.82, ಮಾರುವ ದರ 0.98 ಅಂತ ಇದೆ. ನೀವು 1,000 ಡಾಲರ್ ಕೊಟ್ಟಿರಿ, 820 ಯೂರೋ ಬಂತು. ಬರಬೇಕಾಗಿದ್ದು 900. ಕಮಿಷನ್ ಸೊನ್ನೆ, ಹೋಗಿದ್ದು 80 ಯೂರೋ! ಈಗ ಯಾವುದೋ ಕಾರಣಕ್ಕೆ ಮನಸ್ಸು ಬದಲಾಯಿಸಿ ಆ 820 ಯೂರೋವನ್ನು ಅದೇ ಕೌಂಟರಿನಲ್ಲಿ ವಾಪಸ್ ಕೊಡಿ. 0.98ರ ಲೆಕ್ಕದಲ್ಲಿ ಸುಮಾರು 836 ಡಾಲರ್ ಸಿಗುತ್ತದೆ. ಹತ್ತು ನಿಮಿಷದಲ್ಲಿ 160 ಡಾಲರಿಗೂ ಜಾಸ್ತಿ ಕರಗಿತು. ಯಾರೂ ಮೋಸ ಮಾಡಲಿಲ್ಲ. ಎಲ್ಲವನ್ನೂ ಬೋರ್ಡಿನಲ್ಲೇ ಬರೆದಿದ್ದರು.

ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಇರುವುದೇ ಅಸಲಿ ದರ. ಬ್ಯಾಂಕುಗಳು ತಮ್ಮತಮ್ಮಲ್ಲೇ ವ್ಯವಹಾರ ಮಾಡುವುದು ಅದರ ಆಸುಪಾಸಿನಲ್ಲಿ. ಫೋನಿನಲ್ಲಿ ಹುಡುಕಿದರೆ ಕಾಣುವುದೂ ಹೆಚ್ಚುಕಡಿಮೆ ಅದೇ. ಯೂರೋಪಿನ ಕೇಂದ್ರ ಬ್ಯಾಂಕ್ ಕೂಡ ಕೆಲಸದ ದಿನಗಳಲ್ಲಿ ಸಂಜೆ 4ರ ಸುಮಾರಿಗೆ ತನ್ನ ಉಲ್ಲೇಖ ದರ ಪ್ರಕಟಿಸುತ್ತದೆ. ಆ ದರ ನಿಮಗೆ ಯಾರೂ ಕೊಡುವುದಿಲ್ಲ, ಅದಕ್ಕಾಗಿ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಅದು ಅಳತೆಗೋಲು ಅಷ್ಟೇ. ನಿಮಗೆ ಹೇಳಿದ ದರ ಅದರಿಂದ ಎಷ್ಟು ದೂರ ಇದೆ ಅನ್ನುವುದೇ ನೀವು ಕೊಡುತ್ತಿರುವ ಬೆಲೆ.

ಆದ್ದರಿಂದ ಕಮಿಷನ್ ಎಷ್ಟು ಅಂತ ಕೇಳಬೇಡಿ. ದರ ಎಷ್ಟು ಅಂತ ಮಾತ್ರ ಕೇಳಿದರೂ ಸಾಲದು. “ನಾನು ಇಷ್ಟು ಕೊಟ್ಟರೆ, ಎಲ್ಲಾ ಕಳೆದು, ಕೊನೆಗೆ ಕೈಗೆ ಎಷ್ಟು ಸಿಗುತ್ತೆ?” ಅಂತ ಕೇಳಿ. ಎರಡು ಕಡೆ ಕೇಳಿ. 2,000 ಡಾಲರ್ ಕಳಿಸಬೇಕು ಅಂದುಕೊಳ್ಳಿ. ಒಬ್ಬರು ಶುಲ್ಕ ಇಲ್ಲ, ದರ 0.87 ಅನ್ನುತ್ತಾರೆ. ಇನ್ನೊಬ್ಬರು 12 ಡಾಲರ್ ಶುಲ್ಕ, ದರ 0.898 ಅನ್ನುತ್ತಾರೆ. ಮೊದಲನೆಯವರಲ್ಲಿ 1,740 ಯೂರೋ ಸಿಗುತ್ತದೆ, ಶುಲ್ಕ ಕೇಳಿದವರಲ್ಲಿ 1,785. ‘ಉಚಿತ’ದ ಬೆಲೆ 45 ಯೂರೋ, ಅಲ್ವಾ?

ಹಾಗಾದರೆ ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸಲೇಬಾರದೇ? ಬದಲಾಯಿಸಿ, ಮೊದಲ ಎರಡು ದಿನದ ಟ್ಯಾಕ್ಸಿಗೆ, ಊಟಕ್ಕೆ, ಸಿಮ್‌ಗೆ ಸಾಕಾಗುವಷ್ಟು. ಆ ಹೊತ್ತಿನಲ್ಲಿ ಕೈಯಲ್ಲಿ ನಗದು ಇದ್ದರೆ ಬರುವ ಧೈರ್ಯಕ್ಕೂ ಒಂದು ಬೆಲೆ ಇದೆ, ಕೊಡಬಹುದು. ಪೂರ್ತಿ ಉಳಿತಾಯವನ್ನು ಮಾತ್ರ ಆ ಕೌಂಟರಿಗೆ ಸುರಿಯಬೇಡಿ.

ನಗದಿನ ಬಗ್ಗೆ ಜನರಲ್ಲಿರುವ ಒಂದು ಭಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. “10,000 ಡಾಲರಿಗಿಂತ ಜಾಸ್ತಿ ತಂದರೆ ಹಿಡಿದುಹಾಕ್ತಾರಂತೆ” ಅನ್ನುತ್ತಾರೆ. ತರುವುದು ತಪ್ಪಲ್ಲ, ಹೇಳದೆ ತರುವುದು ತಪ್ಪು. ಅಮೆರಿಕದಲ್ಲಿ 10,000 ಡಾಲರ್ ದಾಟಿದರೆ, ಕೆನಡಾದಲ್ಲಿ 10,000 ಕೆನಡಿಯನ್ ಡಾಲರ್ ಅಥವಾ ಜಾಸ್ತಿ ಇದ್ದರೆ, ಯೂರೋಪಿಯನ್ ಒಕ್ಕೂಟದಲ್ಲಿ 10,000 ಯೂರೋ ಅಥವಾ ಜಾಸ್ತಿ ಇದ್ದರೆ ಕಸ್ಟಮ್ಸ್‌ಗೆ ಬರೆದುಕೊಡಬೇಕು. ಬರೆದುಕೊಟ್ಟದ್ದಕ್ಕೆ ತೆರಿಗೆ ಬೀಳುವುದಿಲ್ಲ. ಗಂಡನ ಜೇಬಿನಲ್ಲಿ 6,000, ಹೆಂಡತಿಯ ಚೀಲದಲ್ಲಿ 6,000 ಅಂತ ಹಂಚಿಕೊಂಡು ಜಾಣತನ ಮಾಡುವವರಿದ್ದಾರೆ. ಅಮೆರಿಕದಲ್ಲಿ ಒಟ್ಟಿಗೆ ಬರುವ ಮನೆಯವರ ದುಡ್ಡನ್ನು ಒಟ್ಟಾಗಿಯೇ ಎಣಿಸುತ್ತಾರೆ. ಆ ಬರೆದುಕೊಟ್ಟ ಕಾಗದದ ಪ್ರತಿ ಜೋಪಾನ. ಆಮೇಲೆ ನನ್ನಂಥವಳು ಬ್ಯಾಂಕಿನಲ್ಲಿ ಕೂತು “ಈ ದುಡ್ಡು ಎಲ್ಲಿಂದ ಬಂತು?” ಅಂತ ಕೇಳಿದಾಗ ಅದೇ ಉತ್ತರ.

ನೆಂಟರು ಕೊಟ್ಟ ಹಳೇ ವಿದೇಶಿ ನೋಟು ತರುವವರು ಅದು ಈಗಲೂ ಚಲಾವಣೆಯಲ್ಲಿದೆಯೇ ಅಂತ ಮೊದಲು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 20 ಮತ್ತು 50 ಪೌಂಡಿನ ಕಾಗದದ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂಗಡಿಯವರು ಮುಟ್ಟುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಾಯಿಸಿ ಕೊಡುತ್ತದೆ. ಇನ್ನು ವಿದೇಶಿ ಚಿಲ್ಲರೆ ನಾಣ್ಯವನ್ನು ಕೌಂಟರಿನಲ್ಲಿ ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಹೊರಡುವ ಮುಂಚೆಯೇ ಖರ್ಚು ಮಾಡಿ.

ಹೊಸ ಖಾತೆ ಆಗುವವರೆಗೆ ಹಳೇ ಊರಿನ ಕಾರ್ಡನ್ನೇ ಉಜ್ಜುತ್ತೀರಿ. ಆಗ ಎಟಿಎಂ ಅಥವಾ ಅಂಗಡಿಯ ಮೆಷಿನ್ ನಯವಾಗಿ ಕೇಳುತ್ತದೆ: “ನಿಮ್ಮ ದೇಶದ ಕರೆನ್ಸಿಯಲ್ಲೇ ಕೊಡುತ್ತೀರಾ?” ಪರದೇಶದಲ್ಲಿ ಪರಿಚಯದ ಕರೆನ್ಸಿ ಕಂಡರೆ ಕೈ ತಾನಾಗಿ ಅದನ್ನೇ ಒತ್ತುತ್ತದೆ. ಒತ್ತಬೇಡಿ. ಒತ್ತಿದರೆ ದರ ತೀರ್ಮಾನಿಸುವುದು ಆ ಮೆಷಿನ್ನಿನ ಕಡೆಯವರು, ಮತ್ತು ಅವರು ಸುಮ್ನೆ ನಿಮ್ಮ ಅನುಕೂಲಕ್ಕೆ ಆ ಬಟನ್ ಇಟ್ಟಿಲ್ಲ. ಆ ನೆಲದ ಕರೆನ್ಸಿಯನ್ನೇ ಆರಿಸಿ. ಆಗ ನಿಮ್ಮ ಕಾರ್ಡಿನವರ ದರ ಬೀಳುತ್ತದೆ, ಸಾಮಾನ್ಯವಾಗಿ ಅದೇ ವಾಸಿ. ಯೂರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ, ತಮ್ಮ ದರ ಕೇಂದ್ರ ಬ್ಯಾಂಕಿನ ದರಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಂತ ಇಂಥವರು ಗಿರಾಕಿಗೆ ತೋರಿಸಲೇಬೇಕು. ತೋರಿಸುತ್ತಾರೆ. ಅವಸರದಲ್ಲಿ ಯಾರು ಓದುತ್ತಾರೆ?

ದೊಡ್ಡ ಮೊತ್ತ ಕಳಿಸುವಾಗ ಆಗುವ ಯಡವಟ್ಟು ಬೇರೆ ಥರದ್ದು. ಒಬ್ಬ ಹುಡುಗಿ ಒಂದು ಸೋಮವಾರ ಅಳುಮುಖ ಮಾಡಿಕೊಂಡು ಬಂದಳು. ಬಾಡಿಗೆ ಮನೆಯ ಮುಂಗಡ 1,800 ಇತ್ತು. ಊರಿನಿಂದ ಅಪ್ಪ ಸರಿಯಾಗಿ 1,800 ಕಳಿಸಿದ್ದಾರೆ, ರಸೀದಿಯೂ ಇದೆ. ಮನೆ ಮಾಲೀಕರ ಖಾತೆಗೆ ಬಂದಿದ್ದು 1,778. “ಪೂರ್ತಿ ಬಂದಿಲ್ಲ, ಕೀ ಕೊಡಲ್ಲ” ಅಂದಿದ್ದಾರೆ. “ಮೇಡಂ, 22 ಯಾರು ತಗೊಂಡ್ರು?” ಅಂತ ಕೇಳಿದಳು.

ದಾರಿಯಲ್ಲಿದ್ದವರು ತಗೊಂಡರು. ಸ್ವಿಫ್ಟ್ ಅಂದರೆ ದುಡ್ಡು ಹೊತ್ತೊಯ್ಯುವ ವ್ಯವಸ್ಥೆ ಅಂತ ಹೆಚ್ಚಿನವರು ತಿಳಿದಿದ್ದಾರೆ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಈ ಜಾಲ ಹೊತ್ತೊಯ್ಯುವುದು ಸಂದೇಶವನ್ನು ಮಾತ್ರ: ‘ಇವರ ಖಾತೆಯಿಂದ ಕಳೆದಿದ್ದೇನೆ, ಅವರ ಖಾತೆಗೆ ಸೇರಿಸು’. ಕಳಿಸುವ ಬ್ಯಾಂಕಿಗೂ ಪಡೆಯುವ ಬ್ಯಾಂಕಿಗೂ ನೇರ ಲೆಕ್ಕ ಇಲ್ಲದಿದ್ದರೆ ನಡುವೆ ಇನ್ನೊಂದು, ಕೆಲವೊಮ್ಮೆ ಎರಡು ಬ್ಯಾಂಕ್ ಕೂರುತ್ತವೆ. ಅವು ತಮ್ಮ ಕೂಲಿಯನ್ನು ಆ ಮೊತ್ತದಲ್ಲೇ ಮುರಿದುಕೊಳ್ಳುತ್ತವೆ. ಇದಕ್ಕೆ ಫಾರ್ಮಿನಲ್ಲಿ ಒಂದು ಪುಟ್ಟ ಕಾಲಂ ಇದೆ, ಮೂರು ಆಯ್ಕೆ. ‘ಅವರ್’ (ಇಂಗ್ಲಿಷಿನ OUR) ಅಂದರೆ ಎಲ್ಲಾ ಖರ್ಚು ಕಳಿಸುವವರದು. ‘ಶಾ’ ಅಂದರೆ ಹಂಚಿಕೆ. ‘ಬೆನ್’ ಅಂದರೆ ಪೂರಾ ಪಡೆಯುವವರ ತಲೆಗೆ. ಏನೂ ಹೇಳದಿದ್ದರೆ ಸಾಮಾನ್ಯವಾಗಿ ‘ಶಾ’ ಬೀಳುತ್ತದೆ. ಬಾಡಿಗೆ ಮುಂಗಡ, ಕಾಲೇಜು ಫೀಸಿನಂಥ, ಒಂದು ಪೈಸೆಯೂ ಕಮ್ಮಿ ಆಗಬಾರದ ಹಣಕ್ಕೆ ‘ಅವರ್’ ಅಂತ ಬಾಯಿಬಿಟ್ಟು ಹೇಳಿ. ಆ ಹುಡುಗಿ 22 ಸೇರಿಸಿ ಕೊಟ್ಟು ಎರಡು ದಿನದ ಮೇಲೆ ಕೀ ತಗೊಂಡಳು. ಆ ಎರಡು ದಿನ ಹೋಟೆಲಿಗೆ ತೆತ್ತಿದ್ದು 22ಕ್ಕಿಂತ ಎಷ್ಟೋ ಜಾಸ್ತಿ.

ಸಂಖ್ಯೆಗಳಲ್ಲೂ ಹುಷಾರು. ಯೂರೋಪಿನಲ್ಲಿ ಖಾತೆಗೆ ಐಬ್ಯಾನ್ ಅನ್ನುವ ಉದ್ದನೆಯ ಖಾತೆ ಸಂಖ್ಯೆ ಇರುತ್ತದೆ. ಜರ್ಮನಿಯದಾದರೆ 22 ಅಕ್ಷರ, ಫ್ರಾನ್ಸಿನದಾದರೆ 27. ದೇಶದ ಎರಡು ಅಕ್ಷರದ ಪಕ್ಕದ ಎರಡು ಅಂಕಿ ತಾಳೆ ನೋಡುವುದಕ್ಕೆ ಇರುವಂಥವು. ಬರೆಯುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಐಬ್ಯಾನ್ ಇಲ್ಲ. ಬ್ಯಾಂಕ್ ಯಾವುದು ಅಂತ ಗುರುತಿಸಲು ಅಮೆರಿಕದಲ್ಲಿ 9 ಅಂಕಿಯ ರೂಟಿಂಗ್ ನಂಬರ್, ಆಸ್ಟ್ರೇಲಿಯಾದಲ್ಲಿ 6 ಅಂಕಿಯ ಬಿಎಸ್‌ಬಿ. ಹಾಗೇ ‘ಡಾಲರ್’ ಅಂತಷ್ಟೇ ಬರೆಯಬೇಡಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ನ್ಯೂಜಿಲೆಂಡ್, ಎಲ್ಲರದೂ ಡಾಲರೇ. ಯುಎಸ್‌ಡಿ, ಸಿಎಡಿ, ಎಯುಡಿ ಅಂತ ಮೂರಕ್ಷರದ ಕೋಡ್ ಬರೆಯಿರಿ.

ನೀವು ಸಂಪಾದಿಸಲು ಶುರು ಮಾಡಿದ ಮೇಲೆ ದಾರಿ ತಿರುಗುತ್ತದೆ, ಮನೆಗೆ ಕಳಿಸುವವರು ನೀವಾಗುತ್ತೀರಿ. 200 ಡಾಲರಿನಷ್ಟು ಸಣ್ಣ ಮೊತ್ತ ಕಳಿಸುವ ಖರ್ಚನ್ನು ವಿಶ್ವ ಬ್ಯಾಂಕ್ ನಿಯಮಿತವಾಗಿ ಅಳೆಯುತ್ತದೆ. ಜಗತ್ತಿನ ಸರಾಸರಿ ಇನ್ನೂ ಶೇ 6ರ ಆಸುಪಾಸಿನಲ್ಲಿದೆ. 2030ರ ಒಳಗೆ ಅದನ್ನು ಶೇ 3ಕ್ಕಿಂತ ಕೆಳಗೆ ಇಳಿಸಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ಆ ಅಳತೆಯಲ್ಲಿ ಎಲ್ಲಕ್ಕಿಂತ ದುಬಾರಿಯಾಗಿ ಕಾಣಿಸುವುದು ಬ್ಯಾಂಕುಗಳೇ. ಬ್ಯಾಂಕಿನವಳಾಗಿ ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ. ಫೋನಿನಲ್ಲೇ ಕಳಿಸುವ, ಪರವಾನಗಿ ಇರುವ ಸಂಸ್ಥೆಗಳನ್ನೂ ಹೋಲಿಸಿ ನೋಡಿ. ವಿನಿಮಯ ಮಾರುಕಟ್ಟೆ ಶನಿವಾರ, ಭಾನುವಾರ ಮುಚ್ಚಿರುತ್ತದೆ. ಆ ಎರಡು ದಿನದ ಅಪಾಯಕ್ಕೆ ಅಂತ ಕೆಲವರು ದರಕ್ಕೆ ಸ್ವಲ್ಪ ಸೇರಿಸುತ್ತಾರೆ. ಅವಸರ ಇಲ್ಲದಿದ್ದರೆ ವಾರದ ಮಧ್ಯೆ ಕಳಿಸಿ. ಅಮೆರಿಕದಿಂದ ಕಳಿಸುವವರಿಗೆ 2013ರ ಅಕ್ಟೋಬರ್‌ನಿಂದ ಒಂದು ಒಳ್ಳೇ ಕಾನೂನಿದೆ. ಶುಲ್ಕ, ದರ, ಅಲ್ಲಿ ಎಷ್ಟು ಸಿಗುತ್ತೆ, ಮೂರನ್ನೂ ದುಡ್ಡು ಕೊಡುವ ಮುಂಚೆ ತೋರಿಸಬೇಕು. ಕಳಿಸಿದ 30 ನಿಮಿಷದ ಒಳಗೆ ಸಾಮಾನ್ಯವಾಗಿ ರದ್ದು ಮಾಡಲೂಬಹುದು.

ಖಾತೆ ತೆರೆಯುವುದು ಕಷ್ಟ ಅಲ್ಲ, ಕಿರಿಕಿರಿ. ಖಾತೆಗೆ ವಿಳಾಸದ ಪುರಾವೆ ಬೇಕು, ಬಾಡಿಗೆ ಮನೆಗೆ ಖಾತೆ ಬೇಕು. ಕೋಳಿ ಮೊದಲೋ ಮೊಟ್ಟೆ ಮೊದಲೋ! ಕೆಲಸ ಕೊಟ್ಟವರ ಪತ್ರ, ಕಾಲೇಜಿನ ಪತ್ರ, ಸರ್ಕಾರಿ ಕಚೇರಿಯಿಂದ ನಿಮ್ಮ ಹೆಸರಿಗೆ ಬಂದ ಕಾಗದ ಆಗುತ್ತದಾ ಅಂತ ಕೇಳಿ. ಒಂದು ಶಾಖೆಯಲ್ಲಿ ಆಗಲ್ಲ ಅಂದರೆ ಅಲ್ಲಿಗೇ ಮುಗಿಯಲಿಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಯಾರಿಗಾದರೂ ಮೂಲ ಖಾತೆಯ ಹಕ್ಕಿದೆ. 2014ರ ನಿರ್ದೇಶನ ಅದು, ಆಶ್ರಯ ಕೇಳಿ ಬಂದವರಿಗೂ ಅನ್ವಯಿಸುತ್ತದೆ. ಕೆನಡಾದಲ್ಲಿ ಕೆಲಸ ಇಲ್ಲ, ಖಾತೆಗೆ ಹಾಕಲು ದುಡ್ಡಿಲ್ಲ ಅಂತ ಬ್ಯಾಂಕ್ ನಿರಾಕರಿಸುವಂತಿಲ್ಲ. ತೆರಿಗೆ ಯಾವ ದೇಶದಲ್ಲಿ ಕಟ್ಟುತ್ತೀರಿ ಅಂತ ಒಂದು ಫಾರ್ಮ್ ಕೊಡುತ್ತಾರೆ. ಗಾಬರಿ ಬೇಡ, ಎಲ್ಲರಿಗೂ ಕೊಡುತ್ತಾರೆ. ನಿಜ ಬರೆಯಿರಿ, ಆ ಮಾಹಿತಿ ದೇಶದಿಂದ ದೇಶಕ್ಕೆ ಹೋಗುತ್ತದೆ.

ಊರಿನಲ್ಲಿ ಇಪ್ಪತ್ತು ವರ್ಷ ಒಂದೂ ಕಂತು ತಪ್ಪಿಸದವರು ಇಲ್ಲಿ ಸಾಲದ ಲೆಕ್ಕದಲ್ಲಿ ಹಸುಗೂಸು. ಆ ಹೆಸರು ಗಡಿ ದಾಟಿ ಬರುವುದು ಅಪರೂಪ. ಸಾಲ ತೀರಿಸುವವರೋ ಅಲ್ಲವೋ ಅಂತ ಅಳೆಯುವ ಅಮೆರಿಕದ ಫೈಕೋ ಸ್ಕೋರ್ ಹುಟ್ಟುವುದಕ್ಕೇ ಸುಮಾರು 6 ತಿಂಗಳ ಇತಿಹಾಸ ಬೇಕು. ಠೇವಣಿ ಇಟ್ಟು ತೆಗೆದುಕೊಳ್ಳುವ ಸಣ್ಣ ಮಿತಿಯ ಕಾರ್ಡ್ ತಗೊಳ್ಳಿ, ತಿಂಗಳ ದಿನಸಿಗೆ ಬಳಸಿ, ಪೂರ್ತಿ ಕಟ್ಟಿ. ಇಷ್ಟು ಸಾಕು.

ನನಗೆ ನಿಜವಾಗಿ ಹೊಟ್ಟೆ ಉರಿಸುವುದು ಇನ್ನೊಂದು. “ನಿನ್ನ ಖಾತೆಗೆ 3,000 ಬರುತ್ತೆ, 200 ಇಟ್ಟುಕೊಂಡು ಉಳಿದಿದ್ದನ್ನ ಈ ನಂಬರಿಗೆ ಹಾಕು” ಅಂತ ಹೊಸಬರನ್ನು, ಅದರಲ್ಲೂ ವಿದ್ಯಾರ್ಥಿಗಳನ್ನು ಹಿಡಿಯುತ್ತಾರೆ. ಬರುವುದು ಯಾರಿಗೋ ಟೋಪಿ ಹಾಕಿದ ದುಡ್ಡು. ಪೊಲೀಸರು ಬರುವಾಗ ಸಿಗುವುದು ನಿಮ್ಮ ಹೆಸರು, ನಿಮ್ಮ ಪಾಸ್‌ಪೋರ್ಟ್ ಪ್ರತಿ. ಹೀಗೆ ಖಾತೆ ಮುಚ್ಚಿಸಿಕೊಂಡ ಒಬ್ಬ ಹುಡುಗ “ನಾನು ಒಂದು ರೂಪಾಯಿನೂ ಕದ್ದಿಲ್ಲ ಮೇಡಂ” ಅಂತ ಎದುರಿಗೆ ಕೂತಿದ್ದ. ನಂಬಿದೆ. ಖಾತೆ ಮಾತ್ರ ತೆರೆಯಲು ಆಗಲಿಲ್ಲ.

ಕೊನೆಗೆ, ಹಳೇ ಸಿಮ್. ಬಂದ ವಾರವೇ ಹೊಸ ನಂಬರ್ ತಗೊಂಡು ಹಳೆಯದನ್ನು ಡ್ರಾಯರಿಗೆ ಹಾಕುತ್ತೀರಿ. ರೀಚಾರ್ಜ್ ಇಲ್ಲದೆ ಅದು ಸಾಯುತ್ತದೆ. ನಿಮ್ಮ ಊರಿನ ಬ್ಯಾಂಕಿನ ಓಟಿಪಿ ಹೋಗುವುದು ಅದಕ್ಕೇ. ನಾಲ್ಕು ತಿಂಗಳಾದ ಮೇಲೆ ಮನೆ ಕೊಳ್ಳಲು ಉಳಿತಾಯ ತರಿಸಿಕೊಳ್ಳಲು ಹೋದ ಒಬ್ಬರಿಗೆ ಆ ಬ್ಯಾಂಕಿನವರು ನಂಬರ್ ಬದಲಾಯಿಸಬೇಕಾದರೆ ಖುದ್ದಾಗಿ ಬನ್ನಿ ಅಂದರು. ಅವರು ವಿಮಾನದ ಟಿಕೆಟ್ ತೆಗೆದರು.