ಏರುತ್ತದೆ ಅಂತ ಮೊದಲೇ ಹೇಳಿದ್ದಿರಾ?

ಉತ್ತರ ಪತ್ರಿಕೆ ತಿದ್ದುವಾಗ ಮೇಷ್ಟ್ರು ಗ್ರೇಡಿನ ಪಕ್ಕ ಎರಡು ಮಾತು ಬರೆದರೆ ಮಕ್ಕಳು ಮುಂದಿನ ಸಲ ಚೆನ್ನಾಗಿ ಬರೆಯುತ್ತಾರಾ? ಅಮೆರಿಕದ ಶಿಕ್ಷಣ ಮನಃಶಾಸ್ತ್ರಜ್ಞ ಎಲ್ಲಿಸ್ ಪೇಜ್ ಇದನ್ನು 74 ಶಿಕ್ಷಕರ ತರಗತಿಗಳಲ್ಲಿ, 2,139 ಮಕ್ಕಳ ಮೇಲೆ ಪರೀಕ್ಷಿಸಿ 1958ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಗ್ರೇಡ್. ಇನ್ನೊಂದಕ್ಕೆ ಮೊದಲೇ ಗೊತ್ತುಮಾಡಿದ ಒಂದು ಸಾಲು. ಮೂರನೆಯದಕ್ಕೆ ಮೇಷ್ಟ್ರಿಗೆ ಏನು ತೋಚಿತೋ ಅದು. ಮುಂದಿನ ಟೆಸ್ಟಿನಲ್ಲಿ ಮೂರನೇ ಗುಂಪು ಮುಂದಿತ್ತು, ಬರೀ ಗ್ರೇಡಿನವರು ಹಿಂದಿದ್ದರು.

ಇಲ್ಲಿ ಕೇಳಬೇಕಾದದ್ದು ಗುಂಪುಗಳು ಬೇರೆ ಬೇರೆಯಾ ಅಂತಲ್ಲ, ಒಂದಕ್ಕಿಂತ ಒಂದು ಏರುತ್ತಾ ಹೋಗುತ್ತವಾ ಅಂತ. ಗುಂಪುಗಳ ನಡುವಿನ ವ್ಯತ್ಯಾಸ ನಿಜವಾ, ಸುಮ್ನೆ ಬಂದದ್ದಾ ಅಂತ ನೋಡಲು ಸಂಖ್ಯಾಶಾಸ್ತ್ರದಲ್ಲಿ ಪರೀಕ್ಷೆಗಳಿವೆ. ಆದರೆ ಆಗ ಬಳಕೆಯಲ್ಲಿದ್ದ ಫ್ರೀಡ್‌ಮನ್ ಪರೀಕ್ಷೆಗೆ ಏರಿಕೆಯ ಗೊಡವೆಯೇ ಇಲ್ಲ. (ಹೌದು, ಅದೇ ಮಿಲ್ಟನ್ ಫ್ರೀಡ್‌ಮನ್. 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಈ ಪರೀಕ್ಷೆಯನ್ನು 1937ರಲ್ಲೇ, ಇನ್ನೂ 25ರ ಹರೆಯದಲ್ಲಿ, ಕೊಟ್ಟಿದ್ದರು.) 1963ರಲ್ಲಿ ಪೇಜ್ ಏರಿಕೆಗೆಂದೇ ಒಂದು ಪರೀಕ್ಷೆ ಪ್ರಕಟಿಸಿದರು. ಅದು ಎಷ್ಟು ಸರಳ ಅಂದರೆ, ಮೊದಲ ಸಲ ಓದಿದಾಗ ನನಗೆ ಇಷ್ಟೇನಾ ಅನ್ನಿಸಿತ್ತು.

ನಾಲ್ಕು ಜನಕ್ಕೆ ಮೂರು ಲೋಟ ಕಾಫಿ ಕೊಡೋಣ. ಚಿಕೋರಿ ಒಂದರಲ್ಲಿ ಇಲ್ಲ, ಒಂದರಲ್ಲಿ ಶೇಕಡಾ 20, ಇನ್ನೊಂದರಲ್ಲಿ 40. ಯಾವುದು ಯಾವುದೆಂದು ಹೇಳುವುದಿಲ್ಲ. ಚಿಕೋರಿ ಏರಿದಷ್ಟೂ ಕಹಿ ಏರುತ್ತದೆ ಅನ್ನುವುದು ನಮ್ಮ ಊಹೆ. ಒಬ್ಬರ ನಾಲಿಗೆಗೆ ಕಹಿ ಅನ್ನಿಸಿದ್ದು ಇನ್ನೊಬ್ಬರಿಗೆ ಏನೂ ಅಲ್ಲ. ಅದಕ್ಕೇ ಕಹಿಗೆ ಅಂಕ ಕೇಳುವುದು ಬೇಡ. ಪ್ರತಿಯೊಬ್ಬರೂ ತಮ್ಮ ಮೂರು ಲೋಟಗಳಿಗೆ 1, 2, 3 ಅಂತ ರ‍್ಯಾಂಕ್ ಕೊಟ್ಟರೆ ಸಾಕು. 3 ಅಂದರೆ ಎಲ್ಲಕ್ಕಿಂತ ಕಹಿ. ಇಬ್ಬರು ಊಹಿಸಿದಂತೆಯೇ 1, 2, 3 ಅಂದರು. ಒಬ್ಬರು 1, 3, 2. ಇನ್ನೊಬ್ಬರು 2, 1, 3. ಲೋಟವಾರು ಕೂಡಿಸಿದರೆ 5, 8, 11.

ಈಗ ಮೊದಲ ಮೊತ್ತವನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿಸಿ. 5, 16, 33, ಒಟ್ಟು 54. ಇದೇ ಪೇಜ್ ಅವರ ‘ಎಲ್’. ಯಾಕೆ ಗುಣಿಸಬೇಕು? ನಿಮ್ಮ ಮುಂದೆ 100, 200, 500ರ ನೋಟುಗಳ ಕಟ್ಟುಗಳಿವೆ. ಒಂದು ಕಟ್ಟಿನಿಂದ ಮೂರು ನೋಟು, ಇನ್ನೊಂದರಿಂದ ಎರಡು, ಮತ್ತೊಂದರಿಂದ ಒಂದು ತಗೊಳ್ಳಿ ಅಂದರೆ ಮೂರನ್ನು ಯಾವುದರಿಂದ ಎತ್ತುತ್ತೀರಿ? 500ರಿಂದಲೇ, ಅಲ್ವಾ? ದೊಡ್ಡದಕ್ಕೆ ದೊಡ್ಡದು ಜೊತೆಯಾದಾಗಲೇ ಒಟ್ಟು ಮೊತ್ತ ಹೆಚ್ಚು. ಸೀಸಾ ಆಟದಲ್ಲೂ ಅಷ್ಟೇ. ದಪ್ಪ ಹುಡುಗ ಹಲಗೆಯ ತುದಿಗೆ ಹೋಗಿ ಕೂತರೆ ಹಲಗೆ ಬಾಗುವಷ್ಟು ನಡುವೆ ಕೂತರೆ ಬಾಗುವುದಿಲ್ಲ. ರ‍್ಯಾಂಕುಗಳು ಊಹೆಯ ದಿಕ್ಕಿಗೇ ಸಾಲುಗಟ್ಟಿದರೆ ಎಲ್ ಉಬ್ಬುತ್ತದೆ. ಅಡ್ಡಾದಿಡ್ಡಿ ಇದ್ದರೆ 48ರ ಆಸುಪಾಸಿನಲ್ಲೇ ಉಳಿಯುತ್ತದೆ (ಮೂರೂ ಮೊತ್ತ 8 ಆದರೆ 8, 16, 24, ಒಟ್ಟು 48).

54 ಸುಮ್ನೆ ಬಂದಿರಬಹುದಾ? ನಾಲ್ವರೂ ರುಚಿ ನೋಡದೆ ಬಾಯಿಗೆ ಬಂದದ್ದು ಹೇಳಿದರೆ ಒಬ್ಬೊಬ್ಬರಿಗೆ 6 ಸಾಧ್ಯತೆ, ಒಟ್ಟು 1,296. ಅದರಲ್ಲಿ 54 ಅಥವಾ ಅದಕ್ಕಿಂತ ಜಾಸ್ತಿ ಬರುವುದು 33 ಸಲ, ಶೇಕಡಾ 2.5. ಇದೇ ರ‍್ಯಾಂಕುಗಳನ್ನು ಫ್ರೀಡ್‌ಮನ್ ಪರೀಕ್ಷೆಗೆ ಕೊಟ್ಟರೆ ಶೇಕಡಾ 12.5 ಅನ್ನುತ್ತದೆ. ಸುಮ್ನೆ ಬರುವ ಸಾಧ್ಯತೆ ಶೇಕಡಾ 5ಕ್ಕಿಂತ ಕಮ್ಮಿ ಇದ್ದರೆ ಪಾಸು, ಅದೇ ರೂಢಿಯ ಗೆರೆ ತಾನೇ? ಒಂದೇ ಕಾಫಿ, ಅವೇ ನಾಲಿಗೆಗಳು. ಒಂದು ಪರೀಕ್ಷೆಯಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

ಹಾಗಾದರೆ ಯಾವಾಗಲೂ ಪೇಜ್ ಪರೀಕ್ಷೆಯನ್ನೇ ಬಳಸಿದರಾಯಿತು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ರ‍್ಯಾಂಕುಗಳನ್ನು ನೋಡಿದ ಮೇಲೆ ‘ನಾನು ಇದೇ ಕ್ರಮ ಅಂದುಕೊಂಡಿದ್ದೆ’ ಅನ್ನುವವರಿದ್ದಾರೆ. ಮಗು ಹುಟ್ಟಿದ ಮೇಲೆ ‘ಗಂಡು ಅಂತ ನಾನು ಆಗಲೇ ಹೇಳಿರಲಿಲ್ವಾ’ ಅನ್ನುವ ಜ್ಯೋತಿಷಿಗೂ ಇವರಿಗೂ ಏನು ವ್ಯತ್ಯಾಸ? ಮೂರು ಲೋಟಗಳನ್ನು ಆರು ಕ್ರಮದಲ್ಲಿ ಜೋಡಿಸಬಹುದು. ಆರರಲ್ಲಿ ಚೆನ್ನಾಗಿ ಹೊಂದಿದ್ದನ್ನು ಆಮೇಲೆ ಆರಿಸಿಕೊಂಡರೆ 54 ಮುಟ್ಟುವ ಸಾಧ್ಯತೆಗಳು 33 ಅಲ್ಲ, 162. ಅಂದರೆ ಎಂಟಕ್ಕೆ ಒಂದು, ಶೇಕಡಾ 12.5. ಈ ಸಂಖ್ಯೆ ಎಲ್ಲೋ ನೋಡಿದ ಹಾಗಿದೆಯಾ? ಫ್ರೀಡ್‌ಮನ್ ಹೇಳಿದ್ದೂ ಅದನ್ನೇ! ಕದ್ದು ತಂದ ಲಾಭವೆಲ್ಲ ಕರಗಿ, ಹೊರಟ ಜಾಗಕ್ಕೇ ವಾಪಸ್. ಕಾಗದ ಪೆನ್ಸಿಲ್ ಹಿಡಿದು ಇದನ್ನು ಎಣಿಸಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ.

ಅಂದಹಾಗೆ, ಮೇಷ್ಟ್ರ ಕೈಬರಹದ ಎರಡು ಮಾತಿಗೆ ಬೆಲೆಯಿದೆ ಎಂದು ತೋರಿಸಿದ ಪೇಜ್, 1966ರಲ್ಲಿ ಮಕ್ಕಳ ಪ್ರಬಂಧಗಳಿಗೆ ಕಂಪ್ಯೂಟರಿನಿಂದ ಅಂಕ ಹಾಕಿಸಲು ಹೊರಟರು! ಅದರ ಕಥೆ ಇನ್ನೊಮ್ಮೆ.

ಕಾಫಿಗೆ ಬಂದರೆ, ಅದರಲ್ಲಿ ಒಂದು ಕೊಕ್ಕೆ ಇದೆ. ಲೋಟ ಮೂರೇ ಇದ್ದಾಗ ಎಲ್ ಅಂದರೆ ಕೊನೆಯ ಮೊತ್ತದಿಂದ ಮೊದಲನೆಯದನ್ನು ಕಳೆದು 48 ಸೇರಿಸಿದ್ದು, ಅಷ್ಟೇ. 11ರಲ್ಲಿ 5 ಹೋದರೆ 6, ಅದಕ್ಕೆ 48 ಸೇರಿಸಿದರೆ 54. ನಡುವಿನ 8 ಲೆಕ್ಕಕ್ಕೇ ಬರಲಿಲ್ಲ. ಮೊತ್ತಗಳು 4, 10, 10 ಆಗಿದ್ದರೂ ಉತ್ತರ ಅದೇ 54. ಆಗ ಶೇಕಡಾ 20ಕ್ಕೂ 40ಕ್ಕೂ ನಾಲಿಗೆಗೆ ಏನೂ ವ್ಯತ್ಯಾಸ ಇಲ್ಲ, ಆದರೂ ಪರೀಕ್ಷೆ ಪಾಸು.