ಶೇ 40ರ ಗೊಂದಲ: ಅಂಗವಿಕಲ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಮಾಡಿಕೊಡಬೇಕಾದ ಹೊಂದಾಣಿಕೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಹಳೆಯ ಕಾಯ್ದೆಯ 7 ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿದ ಸಂಗತಿ ಪರೀಕ್ಷೆಗೆ ಓದುತ್ತಿರುವ ನಮಗೆಲ್ಲ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಾನು ಎಡವಿದ್ದು ಶೇ 40 ಎಂಬ ಸಂಖ್ಯೆಯಲ್ಲಿ. ಪ್ರಮಾಣಪತ್ರದಲ್ಲಿ ಅದಕ್ಕಿಂತ ಕಡಿಮೆ ನಮೂದಾಗಿದ್ದರೆ ವಿದ್ಯಾರ್ಥಿಗೆ ಲಿಪಿಕಾರರನ್ನಾಗಲಿ (ಅವರು ಹೇಳಿದ ಉತ್ತರವನ್ನು ಬರೆದುಕೊಡುವವರು) ಹೆಚ್ಚುವರಿ ಸಮಯವನ್ನಾಗಲಿ ಕೊಡಬೇಕಾಗಿಲ್ಲವೆಂದು ಎರಡು ಅಭ್ಯಾಸ ಪತ್ರಿಕೆಗಳಲ್ಲಿ ಬರೆದೆ, ಎರಡರಲ್ಲೂ ಅಂಕ ಹೋಯಿತು.

ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಅಕ್ಕಪಕ್ಕದಲ್ಲೇ ಎರಡು ವ್ಯಾಖ್ಯೆಗಳಿವೆ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ನ್ಯೂನತೆಯಿದ್ದು, ಸುತ್ತಲಿನ ಅಡೆತಡೆಗಳಿಂದಾಗಿ ಇತರರಿಗೆ ಸಮನಾಗಿ ಪಾಲ್ಗೊಳ್ಳಲಾಗದವರು ಅಂಗವೈಕಲ್ಯವುಳ್ಳ ವ್ಯಕ್ತಿಗಳು. ಇಲ್ಲಿ ಶೇಕಡಾವಾರು ಮಾತೇ ಇಲ್ಲ. ಶೇ 40 ಬರುವುದು ‘ಬೆಂಚ್‌ಮಾರ್ಕ್ ಅಂಗವೈಕಲ್ಯ’ದ, ಎಂದರೆ ಕನಿಷ್ಠ ಶೇ 40ರಷ್ಟಿದೆಯೆಂದು ಪ್ರಮಾಣೀಕೃತವಾದ ಅಂಗವೈಕಲ್ಯದ, ವ್ಯಾಖ್ಯೆಯಲ್ಲಿ. 32ನೇ ಸೆಕ್ಷನ್ ಹೇಳುವ ಶೇ 5ರ ಸೀಟು ಮೀಸಲಾತಿ ಈ ಎರಡನೆಯ ಗುಂಪಿಗೆ ಮಾತ್ರ. ಸಮಂಜಸ ಹೊಂದಾಣಿಕೆಯಾದರೋ (ಲಿಪಿಕಾರರು, ಹೆಚ್ಚುವರಿ ಸಮಯದಂಥ ಅಗತ್ಯ ಮಾರ್ಪಾಡು) ಮೊದಲನೆಯ ಗುಂಪಿನ ಎಲ್ಲರ ಹಕ್ಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಯು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ ಪ್ರಕರಣದಲ್ಲಿ, 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿ, ಬೆಂಚ್‌ಮಾರ್ಕ್ ಇಲ್ಲವೆಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತು. ಇಂಥವರಿಗಾಗಿ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ನಾನು ನೆನಪಿಟ್ಟುಕೊಂಡದ್ದು ಹೀಗೆ: ಸೀಟಿಗೆ ನೋಡಬೇಕಾದದ್ದು ಶೇಕಡಾ, ಪಾಠಕ್ಕೆ ನೋಡಬೇಕಾದದ್ದು ಅಡೆತಡೆ.

ಯಾವ ಹೊಂದಾಣಿಕೆ ಬೇಕೆಂಬುದನ್ನು ಸಂಬಂಧಪಟ್ಟವರನ್ನೇ ಕೇಳಿ ನಿರ್ಧರಿಸಬೇಕೆಂಬುದೂ ಆ ತೀರ್ಪಿನಲ್ಲಿದೆ. ಅಧ್ಯಾಪಕರು ತಾವೇ ಊಹಿಸಿಕೊಂಡು ಮಾಡುವ ಉಪಕಾರಕ್ಕಿಂತ ಇದು ಸುಲಭವೆಂದು ನನಗನಿಸುತ್ತದೆ.

ಹೆಚ್ಚುವರಿ ಸಮಯದ ಲೆಕ್ಕ ಸರಳ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಹೇಳಿದ್ದಂತೆ ಗಂಟೆಗೆ ಕನಿಷ್ಠ 20 ನಿಮಿಷ, ಎಂದರೆ 3 ಗಂಟೆಯ ಪರೀಕ್ಷೆಗೆ 60 ನಿಮಿಷ. ಗಂಟೆಗಿಂತ ಕಡಿಮೆ ಅವಧಿಯದಾದರೆ ಅದೇ ಪ್ರಮಾಣದಲ್ಲಿ, ಆದರೆ 5, 10, 15 ಹೀಗೆ 5 ನಿಮಿಷದ ಮಡಿಗಳಲ್ಲಿ ಕೊಡಬೇಕು. 45 ನಿಮಿಷದ ಆಂತರಿಕ ಪರೀಕ್ಷೆಗೆ 15 ನಿಮಿಷ.

ಪಠ್ಯಕ್ರಮದಲ್ಲಿ ಇಲ್ಲದಿದ್ದರೂ ಕನ್ನಡ ಮಾಧ್ಯಮದವರು ಗಮನಿಸಬೇಕಾದ ಒಂದು ಸಂಗತಿಯಿದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ನೋಟ್ಸ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳಾದ್ದರಿಂದ, ಎನ್‌ವಿಡಿಎಯಂಥ ಪರದೆ ಓದುಗ ತಂತ್ರಾಂಶವು ದೃಷ್ಟಿದೋಷವುಳ್ಳ ವಿದ್ಯಾರ್ಥಿಗೆ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದಿ ಹೇಳುತ್ತದೆ. ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್‌ನಲ್ಲಂತೂ ಓದಲು ಅಕ್ಷರವೇ ಇರುವುದಿಲ್ಲ. ಅದೇ ಕಡತವನ್ನು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆ) ಪರಿವರ್ತಿಸಿ, ತಪ್ಪು ತಿದ್ದಿ, ತರಗತಿಗೆ ಮುಂಚೆಯೇ ಕೊಟ್ಟರೆ ಆ ವಿದ್ಯಾರ್ಥಿ ಇನ್ನೊಬ್ಬರಿಂದ ಓದಿಸಿಕೊಳ್ಳಲು ಕಾಯಬೇಕಾಗುವುದಿಲ್ಲ.